ಗೋಡೆಯೊಳಗಿನ ಯಜಮಾನ

ನೆವೆನಾಳ ಕನಸಿನಲ್ಲಿ ಬರುತ್ತಿದ್ದ ಮನೆಗೆ ಬಾಗಿಲೇ ಇರುತ್ತಿರಲಿಲ್ಲ. ಅವಳು ಹೇಗೋ ಒಳಗಿರುತ್ತಿದ್ದಳು. ಒಂದು ಕೋಣೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ನಡೆಯುತ್ತಲೇ ಹೋಗುತ್ತಿದ್ದಳು. ಎಲ್ಲೂ ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳಿಲ್ಲ. ಗೋಡೆಗೆ ಮೊಳೆ ಹೊಡೆದದ್ದು ಯಾರೆಂದು ಕೇಳುವ ಮನೆ ಒಡತಿಯಿಲ್ಲ. ದೂರದಲ್ಲೆಲ್ಲೋ ನೀರು ಹರಿಯುವ ಸಣ್ಣ ಸದ್ದು. ಅದನ್ನು ಹುಡುಕಿಕೊಂಡು ಹೋಗುವಷ್ಟರಲ್ಲಿ ಎಚ್ಚರವಾಗುತ್ತಿತ್ತು, ಪ್ಲೊವ್ದಿವ್ ನಗರದ ಬಾಡಿಗೆ ಮನೆಯಲ್ಲಿ, ಮೇಲಿನ ಮನೆಯವರ ಟಿವಿಯ ಗಲಾಟೆಗೆ.

ಮದುವೆಯಾದಾಗಿನಿಂದ ಅವಳೂ ಗಂಡ ಆಸೆನನೂ ಬಾಡಿಗೆ ಮನೆಗಳಲ್ಲೇ ತಲೆ ನರೆಯಿಸಿಕೊಂಡಿದ್ದರು. ಅವಳು ಶಾಲೆಯಲ್ಲಿ ಮಕ್ಕಳಿಗೆ ಹಾಡು ಕಲಿಸುವವಳು. ಕಿವಿ ಬಹಳ ಚುರುಕು, ಅದೇ ಅವಳ ಕಷ್ಟ. ಎಲ್ಲಿಗೆ ಹೋದರೂ ಬೇರೆಯವರ ಜಗಳ, ಬೇರೆಯವರ ಕೆಮ್ಮು, ಬೇರೆಯವರ ಗಡಿಯಾರ ಕೇಳಿಸುತ್ತಿತ್ತು. ಅಜ್ಜಿ ಕೈಯಾರೆ ಹೆಣೆದುಕೊಟ್ಟ ಬಿಳಿ ಲೇಸಿನ ಪರದೆಯೊಂದು ಅವಳ ಹತ್ತಿರವಿತ್ತು. ಅದನ್ನು ಒಂದು ಸಲವೂ ತೂಗುಹಾಕಿರಲಿಲ್ಲ.

"ಬಾಡಿಗೆ ಕಿಟಕಿಗೆ ಇದನ್ನ ಹಾಕಲ್ಲ," ಎನ್ನುತ್ತಿದ್ದಳು. "ಇದು ನಾನು ಸಾಯೋ ಮನೆಯ ಕಿಟಕಿಗೆ."

"ಶುಭವಾಗ್ಲಿ," ಎನ್ನುತ್ತಿದ್ದ ಆಸೆನ್. "ಊಟಕ್ಕೆ ಮುಂಚೆ ಎಂಥ ಒಳ್ಳೇ ಮಾತು!"

ಈ ಆಸೆನ್ ಪ್ಲೊವ್ದಿವ್‌ನಿಂದ ಬೆಟ್ಟದ ಬುಡದ ಕಾಲೊಫೆರ್ ಊರಿಗೆ ಹೋಗಿಬರುವ ಬಸ್ಸಿನ ಡ್ರೈವರು. ಕರಡಿಗೂ ಹೆದರದ ಆಳು. ಹಿಮ ಬಿದ್ದ ತಿರುವಿನಲ್ಲಿ ಒಂದೇ ಕೈಯಲ್ಲಿ ಸ್ಟಿಯರಿಂಗ್ ತಿರುಗಿಸುತ್ತ ಸೂರ್ಯಕಾಂತಿ ಬೀಜ ಸುಲಿದು ತಿನ್ನುವವನು. ಆದರೆ ಎಲ್ಲಾದರೂ ನೀರು ತೊಟ್ಟಿಕ್ಕುವ ಸದ್ದು ಕೇಳಿತೋ, ಮುಗಿಯಿತು, ಮುಖ ಬಿಳುಚಿಕೊಳ್ಳುತ್ತಿತ್ತು. ನೆಂಟರ ಮನೆಗೆ ಹೋದರೆ ಮೊದಲು ಅವರ ನಲ್ಲಿಗಳನ್ನೆಲ್ಲ ಬಿಗಿ ಮಾಡಿ ಬಂದು ಆಮೇಲೆ ಕುಶಲ ಕೇಳುತ್ತಿದ್ದ. ಅದಕ್ಕೂ ಒಂದು ಕಾರಣವಿತ್ತು ಅನ್ನಿ. ಹುಡುಗನಾಗಿದ್ದಾಗ ಒಂದು ಹೊಸ ವರ್ಷದ ಸಂಜೆ, ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತು, ಒಳಗೆ ಅದೃಷ್ಟದ ಚೀಟಿಗಳನ್ನಿಟ್ಟು ಬೇಯಿಸಿದ ಚೀಸಿನ ಪದರ ರೊಟ್ಟಿ ಬಾನಿತ್ಸಾವನ್ನು ಇನ್ನೇನು ಹಂಚಿಕೊಳ್ಳಬೇಕು, ಮೇಲಿನ ಮನೆಯ ಪೈಪು ಒಡೆದು ಚಾವಣಿಯ ಗಾರೆ ಸಮೇತ ನೀರು ಸೀದಾ ಬಾನಿತ್ಸಾದ ಮೇಲೆ ಬಿತ್ತು. ಆ ವರ್ಷ ಯಾರ ಅದೃಷ್ಟ ಏನಿತ್ತೋ ಯಾರಿಗೂ ಗೊತ್ತಾಗಲಿಲ್ಲ. ಅಪ್ಪ ಅದೇ ವರ್ಷ ತೀರಿಕೊಂಡ. ಆಸೆನ್ ಈ ಎರಡನ್ನೂ ಒಟ್ಟಿಗೇ ಜ್ಞಾಪಕ ಇಟ್ಟುಕೊಂಡಿದ್ದ.

ಕಡೆಗೂ ಮನೆ ಕೊಳ್ಳುವ ಕಾಲ ಬಂತು. ಆಸೆನನ ಮನಸ್ಸು ಪ್ಲೊವ್ದಿವ್‌ನ ಹೊಸ ಕಟ್ಟಡದ ಫ್ಲಾಟಿನ ಮೇಲೆ. ಪ್ಲಾಸ್ಟಿಕ್ ಪೈಪು, ಲಿಫ್ಟು, ಗುಂಡಿ ಒತ್ತಿದರೆ ಬಿಸಿನೀರು. ನೆವೆನಾ ಅಲ್ಲಿನ ಖಾಲಿ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದಳು. ಚಪ್ಪಾಳೆ ಖಾಲಿ ಡಬ್ಬದೊಳಗೆ ಬಿದ್ದ ಕಾಸಿನ ಹಾಗೆ ಸುತ್ತಿಬಂತು. ಪಕ್ಕದ ಮನೆಯಲ್ಲಿ ಯಾರೋ ಸೀನಿದರು.

"ಕೇಳಿಸ್ತಾ?" ಎಂದಳು.

"ಚೆನ್ನಾಗಿರ್ಲಿ ಪಾಪ," ಎಂದ ಆಸೆನ್, ಗೋಡೆಯ ಕಡೆಗೆ.

ಆದರೂ ಅವನೇ, ಬಸ್ ಓಡಿಸುವಾಗ, ಕಾಲೊಫೆರ್‌ನ ವಿದ್ಯುತ್ ಕಂಬದ ಮೇಲೆ ಅಂಟಿಸಿದ್ದ ಮನೆ ಮಾರಾಟದ ಕಾಗದವನ್ನು ನೋಡಿ ಬಂದು ಹೆಂಡತಿಗೆ ಹೇಳಿದ. ಹಳೆಯ ಮನೆ, ಅಂಗಳ, ದ್ರಾಕ್ಷಿ ಚಪ್ಪರ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡ. ಅಷ್ಟರಲ್ಲಿ ಅವಳು ಚಪ್ಪಲಿ ಮೆಟ್ಟಿ ನಿಂತಿದ್ದಳು.

ಅವು ಅತ್ತರಿನ ಗುಲಾಬಿ ಕೊಯ್ಲು ಮುಗಿದಿದ್ದ ದಿನಗಳು. ಊರಿನ ಗಾಳಿಗೆಲ್ಲ ಇನ್ನೂ ಅದರ ವಾಸನೆ ಅಂಟಿಕೊಂಡಿತ್ತು. ಮನೆಯ ಒಡೆಯ ಮಿಂಚೊ, ಮದುವೆಯ ವಾದ್ಯದವರ ಜೊತೆ ಕ್ಲಾರಿನೆಟ್ ನುಡಿಸಿ ವಯಸ್ಸಾದವನು. ಈಗ ಅವನದೇ ಮದುವೆ, ಸಮುದ್ರದ ದಂಡೆಯ ಬುರ್ಗಾಸ್‌ನಲ್ಲಿ ಪೆನ್ಕಾ ಎಂಬ ವಿಧವೆಯ ಜೊತೆ. ಅದಕ್ಕೇ ಮನೆ ಮಾರುತ್ತಿದ್ದ. ನಗುನಗುತ್ತ ಬಾಗಿಲು ತೆಗೆದು, "ಬನ್ನಿ ಬನ್ನಿ, ನಿಮ್ಮದೇ ಮನೆ ಅಂದ್ಕೊಳ್ಳಿ, ಆಗ್ಲೂಬಹುದು!" ಎಂದ.

ಆಸೆನ್ ಕೆಲಸಕ್ಕಿಳಿದ. ಓಕ್ ಮರದ ತೊಲೆಗಳನ್ನು ಗುದ್ದಿ ನೋಡಿದ. ಅಟ್ಟ ಹತ್ತಿ ಹೆಂಚು ನೋಡಿ, ಎಣ್ಣೆಗಟ್ಟಿದ ಟೋಪಿಯ ಮೇಲೆ ಧೂಳು ಹೊತ್ತುಕೊಂಡು ಇಳಿದ. ಹೊಗೆಗೂಡಿನೊಳಗೆ ತಲೆ ತೂರಿಸಿದ. ನಲ್ಲಿಗಳನ್ನೆಲ್ಲ ತಿರುಗಿಸಿ, ಮುಚ್ಚಿ, ಕಿವಿಗೊಟ್ಟು ನಿಂತ.

"ಹಳೇ ಮನೆ ಕೊಳ್ಳೋದಂದ್ರೆ ಮನೇಲೊಬ್ಬ ಮುದುಕನ್ನ ತಂದಿಟ್ಕೊಂಡ ಹಾಗೆ," ಎಂದು ಗೊಣಗಿದ. "ಇವತ್ತು ಮಂಡಿ, ನಾಳೆ ಸೊಂಟ. ಹೆಂಚು ತಿರುವಿ ಹಾಕ್ಬೇಕು, ಕಿಟಕಿ ಚೌಕಟ್ಟಿಗೆ ಎಣ್ಣೆ, ಗೋಡೆಗೆ ಸುಣ್ಣ. ಭಾನುವಾರ ಅನ್ನೋದನ್ನ ಮರೀಬೇಕು."

ನೆವೆನಾಗೆ ಇದ್ಯಾವುದೂ ಕೇಳಿಸಲಿಲ್ಲ. ಅವಳು ಅಡುಗೆಮನೆಯ ದಪ್ಪ ಗೋಡೆಯ ಹತ್ತಿರ ನಿಂತುಬಿಟ್ಟಿದ್ದಳು. ಗೋಡೆ ಮಾತಾಡುತ್ತಿತ್ತು. ಕಿವಿಯಿಟ್ಟಳು. ತಣ್ಣನೆಯ ಸುಣ್ಣದ ಹಿಂದೆ, ಆಳದಲ್ಲಿ, ಯಾರೋ ಮಗುವನ್ನು ಮಲಗಿಸುವವರು ಪಿಸುಗುಟ್ಟಿದ ಹಾಗೆ, ಒಂದೇ ಉಸಿರಿನ ಸದ್ದು. ಇರು, ಇರು, ಇರು. ಕನಸಿನಲ್ಲಿ ಇಷ್ಟು ವರ್ಷ ದೂರದಿಂದ ಕೇಳುತ್ತಿದ್ದದ್ದು ಇದೇ ಅಲ್ಲವೇ ಅನ್ನಿಸಿತು. ಅವಳ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ ಅವಳಿಗೇ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬಾಗಿಲಲ್ಲಿ ಆಸೆನ್ ನಿಂತು ಅವಳನ್ನೇ ನೋಡುತ್ತಿದ್ದ. ಅವನ ಮಂಡಿಗೆ ಮಣ್ಣು ಮೆತ್ತಿತ್ತು. ಅಂಗಳದ ಮೂಲೆಯಲ್ಲಿ, ಕಬ್ಬಿಣದ ಮುಚ್ಚಳದ ಕೆಳಗಿನ ಗುಂಡಿಗೆ ಇಳಿದು ನೀರಿನ ಮೀಟರು ನೋಡಿ ಬಂದಿದ್ದ. ಯಾವ ಮನೆಗೆ ಹೋದರೂ ಅದು ಅವನ ಕೊನೆಯ ಪರೀಕ್ಷೆ.

"ಹೇಗಿದೆ?" ಎಂದು ಕೇಳಿದಳು.

"ಹ್ಞೂಂ," ಎಂದ ಆಸೆನ್. ಆಮೇಲೆ ಮಿಂಚೊ ಕಡೆ ತಿರುಗಿ, "ಮಿಂಚಣ್ಣ, ಕುಡಿಯೋಕೆ ಒಂದು ಲೋಟ ರಾಕಿಯಾ ಸಾರಾಯಿ ಇದ್ಯಾ?" ಎಂದ.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ಮತ್ತೆ ಕೆದಕಿದಳು. "ಪೈಪು ಗೀಪು ಎಲ್ಲಾ ಸರಿಯಿದೆ ತಾನೇ?"

"ಇದೆ," ಎಂದ, ಹುರುಳಿಕಾಯಿ ಸಾರಿನ ತಟ್ಟೆಯಿಂದ ತಲೆಯೆತ್ತದೆ. "ನಿನಗೆ ಬೇಕಾ ಆ ಮನೆ?"

"ಬೇಕು." ಅವಳು ಚಮಚ ಕೆಳಗಿಟ್ಟಳು. "ಆಸೆನ್, ನನಗೆ ಇನ್ನು ಪೆಟ್ಟಿಗೆ ಕಟ್ಟೋಕಾಗಲ್ಲ."

"ಸರಿ ಹಾಗಾದ್ರೆ," ಎಂದು ಅವನು ರೊಟ್ಟಿ ಮುರಿದ. ಇಷ್ಟು ಸುಲಭವಾಗಿ ಒಪ್ಪಿದನಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಆದರೆ ಸಂತೋಷದಲ್ಲಿರುವವರು ಯಾರು ತಾನೇ ಹೆಚ್ಚು ಕೇಳುತ್ತಾರೆ?

ಮುಂಗಡ ಕೊಡುವ ದಿನ ಆಸೆನನ ತಾಯಿ ಕೆರಾನಾಳೂ ಹೊರಟಳು. ಬಿಡುವವಳಲ್ಲ ಆ ಮುದುಕಿ. ತಾಮ್ರದ ಚೊಂಬನ್ನು ಬಟ್ಟೆಯಲ್ಲಿ ಸುತ್ತಿ, ಕುಂಡದಿಂದ ಒಂದು ಕುಡಿ ಜೆರೇನಿಯಂ ಚಿವುಟಿಕೊಂಡು ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಮಗನ ಗೇರು ಬದಲಾಯಿಸುವ ರೀತಿಗೆ ತಪ್ಪು ಹಿಡಿದಳು. ಆ ಕಡೆಯವರ ಪದ್ಧತಿ ಅದು. ಯಾರಾದರೂ ಹೊಸ ಕೆಲಸಕ್ಕೆ ಕೈಹಾಕಿದರೆ, ಪರೀಕ್ಷೆಗೆ ಹೊರಟರೆ, ಹೊಸ ಮನೆ ಮೆಟ್ಟಿದರೆ, ಹೊಸ್ತಿಲ ಮೇಲೆ ನೀರು ಚೆಲ್ಲುತ್ತಾರೆ. ಮುಂದಿನದೆಲ್ಲ ನೀರು ಹರಿದಷ್ಟು ಸಲೀಸಾಗಲಿ ಎಂದು.

ಕೆರಾನಾ ಹೊಸ್ತಿಲ ಕಲ್ಲಿನ ಮೇಲೆ ನಿಂತು ಎಲ್ಲರನ್ನೂ ಹಿಂದಕ್ಕೆ ಸರಿಸಿದಳು. "ದೂರ ನಿಲ್ರೋ! ಮಿಂಚೊ, ನಿನ್ನ ಹೊಟ್ಟೆ ಒಳಗೆಳ್ಕೋ!" ಎಂದು ಗದರಿಸಿ, ಜೆರೇನಿಯಂ ಅದ್ದಿ ಮೂರು ಕಡೆ ಚಿಮುಕಿಸಿ, ಚೊಂಬನ್ನು ಬಗ್ಗಿಸಿದಳು.

ನೀರು ಕಲ್ಲಿನ ಮೇಲೆ ಹರಡಿತು. ಒಂದು ಗಳಿಗೆ ಯೋಚಿಸುವ ಹಾಗೆ ನಿಂತಿತು. ಅಂಗಳದ ಕಡೆಗೆ ಇಳಿಯಬೇಕಾದದ್ದು ಒಳಗೆ ತಿರುಗಿತು. ನಡುಮನೆಯ ಚಪ್ಪಡಿ ಕಲ್ಲುಗಳ ಮೇಲೆ ನಿಧಾನವಾಗಿ, ಬಿಸಿಲಿನಲ್ಲಿ ಹೊಳೆಯುತ್ತ, ದಾರಿ ಗೊತ್ತಿದ್ದವರ ಹಾಗೆ ಸೀದಾ ಅಡುಗೆಮನೆಯ ದಪ್ಪ ಗೋಡೆಯ ಬುಡಕ್ಕೆ ಹೋಗಿ, ಅಲ್ಲಿನ ಸಂದಿಯಲ್ಲಿ ಇಂಗಿಹೋಯಿತು.

"ಒಳಕ್ಕೇ ಬಂತು!" ಕೆರಾನಾ ಕೂಗಿಕೊಂಡಳು. "ನೋಡಿದ್ರಾ? ಭಾಗ್ಯ ತಾನಾಗೇ ಮನೆಯೊಳಗೆ ನಡ್ಕೊಂಡು ಬಂತು! ನನ್ನ ಜನ್ಮದಲ್ಲಿ ಹೀಗೆ ನೋಡಿಲ್ಲ ನಾನು!" ಎಂದು ಸೊಸೆಯ ಎರಡೂ ಕೆನ್ನೆಗೆ ಮುತ್ತಿಟ್ಟಳು. ಮಿಂಚೊ ಕಣ್ಣೊರೆಸಿಕೊಂಡ. ಆಸೆನ್ ಆಗ ಏಕೋ ಚಪ್ಪರದ ದ್ರಾಕ್ಷಿಯನ್ನು ನೋಡುತ್ತಿದ್ದ.

ನೆವೆನಾ ಮಾತ್ರ ಆ ಸಂದಿಯನ್ನೇ ನೋಡುತ್ತಿದ್ದಳು. ನೀರು ಭಾಗ್ಯಕ್ಕೆ ಹರಿಯುವುದಿಲ್ಲ, ತಗ್ಗಿಗೆ ಹರಿಯುತ್ತದೆ. ಮನೆ ಆ ಗೋಡೆಯ ಕಡೆಗೆ ಕುಸಿದಿದೆ. ಯಾಕೆ ಕುಸಿದಿದೆ? ಆ ಗೋಡೆಯಲ್ಲಿ ಏನಿದೆ? ಅವಳಿಗೆ ಗೊತ್ತಾಗಿಬಿಟ್ಟಿತು. ಗೊತ್ತಾಗದಿದ್ದರೆ ಚೆನ್ನಾಗಿತ್ತು ಎಂದುಕೊಂಡಳು.

ಚಪ್ಪರದ ಕೆಳಗೆ ಮೇಜು ಹಾಕಿದ್ದರು. ಟೊಮೇಟೊ, ಸೌತೆಕಾಯಿ, ಮೇಲೆ ತುರಿದ ಬಿಳಿ ಚೀಸು. ಜೇನುಹುಳುಗಳು ಸುಮ್ಮನೆ ಸುತ್ತುತ್ತಿದ್ದವು. ಕಾಗದಕ್ಕೆ ರುಜು ಹಾಕುವ ಮುನ್ನ ಒಂದೊಂದು ಗುಟುಕು ಎಂದು ಎಲ್ಲರೂ ಕೂತಾಗ ಅವಳು ಕೈ ತೊಳೆಯುವ ನೆಪ ಹೇಳಿ ಎದ್ದಳು. ಅಂಗಳದ ಮೂಲೆಗೆ ಹೋಗಿ, ಕಬ್ಬಿಣದ ಮುಚ್ಚಳ ಎತ್ತಿ, ಗುಂಡಿಗಿಳಿದು, ಮನೆಯ ನೀರು ನಿಲ್ಲಿಸುವ ತುಕ್ಕು ಹಿಡಿದ ವಾಲ್ವನ್ನು ಎರಡೂ ಕೈಯಿಂದ ತಿರುಗಿಸಿದಳು. ಅದು ಕಿರುಗುಟ್ಟಿ ಮುಚ್ಚಿಕೊಂಡಿತು. ಅಡುಗೆಮನೆಗೆ ಬಂದು ಗೋಡೆಗೆ ಕಿವಿಯಿಟ್ಟಳು.

ಇರು, ಇರು, ಎನ್ನುತ್ತಿದ್ದ ಸದ್ದು ತೆಳುವಾಯಿತು. ಇನ್ನೂ ತೆಳುವಾಯಿತು. ನಿಂತಿತು.

ಅವಳು ಅಲ್ಲೇ ನೆಲದ ಮೇಲೆ ಕೂತು ಅತ್ತಳು. ನಾಚಿಕೆಯಿಲ್ಲದೆ, ಮಕ್ಕಳ ಹಾಗೆ ಅತ್ತಳು. ಇಷ್ಟು ದೊಡ್ಡ ಊರುಗಳಲ್ಲಿ, ಇಷ್ಟು ಮನೆಗಳಲ್ಲಿ, ತನ್ನನ್ನು ಇರು ಎಂದು ಕರೆದದ್ದು ಒಂದೇ ದನಿ. ಅದೂ ತೂತು ಬಿದ್ದ ಒಂದು ಪೈಪು.

ಬಾಗಿಲ ಹತ್ತಿರ ಹೆಜ್ಜೆ ಸದ್ದಾಯಿತು. ಮಿಂಚೊ ಸೌತೆಕಾಯಿ ತೊಳೆಯಲು ಬಂದಿದ್ದ. ಅವನು ಅವಳನ್ನು ಸರಿಯಾಗಿ ನೋಡಲೂ ಇಲ್ಲ. ನಲ್ಲಿ ತಿರುಗಿಸಿದ. ನೀರಿಲ್ಲ. ಗೋಡೆಯ ಕಡೆ ತಿರುಗಿದ. ಅವನ ಮುಖದ ಬಣ್ಣ ಇಳಿದುಹೋಯಿತು.

"ಅಯ್ಯೋ ದೇವರೇ," ಎಂದ ಮೆಲ್ಲಗೆ. "ಮುನಿಸ್ಕೊಂಡ್ಬಿಟ್ಟ."

"ಯಾರು, ಮಿಂಚಣ್ಣ?"

"ಮನೆ ಯಜಮಾನ. ಈ ಗೋಡೇಲಿರೋನು. ನಾನು ಮಾರ್ತಿದ್ದೀನಲ್ಲಮ್ಮ, ಅದಕ್ಕೆ. ಪ್ರತಿ ಹಳೇ ಮನೆಗೂ ಒಬ್ಬ ಇರ್ತಾನಲ್ಲ, ಕಾಯೋನು. ನಮ್ಮಮ್ಮನ ಕಾಲದಲ್ಲೂ ಹೀಗೇ ಮಾಡ್ತಿದ್ದ. ಕೋಪ ಬಂದ್ರೆ ಮಾತು ನಿಲ್ಲಿಸೋನು. ಅಷ್ಟೇ ಅಲ್ಲ, ನೀರೂ ನಿಲ್ಲಿಸೋನು. ಇಡೀ ಊರಿಗೆ! ಅಮ್ಮ ರೊಟ್ಟಿಗೆ ಜೇನು ಸವರಿ ಗೋಡೆ ಬುಡಕ್ಕೆ ಇಟ್ಟು ಬೇಡ್ಕೊಂಡ್ರೆ, ಸಾಯಂಕಾಲದ ಹೊತ್ತಿಗೆ ಮಾತೂ ಬರೋದು, ನೀರೂ ಬರೋದು. ಊರಿನವರಿಗೆ ಗೊತ್ತೇ ಇರ್ಲಿಲ್ಲ, ನೀರು ಬರ್ತಿದ್ದದ್ದು ನಮ್ಮಮ್ಮನ ಜೇನಿನಿಂದ ಅಂತ!"

ಹೇಳುತ್ತಲೇ ಅವನು ಕಪಾಟಿನಿಂದ ಜೇನಿನ ಜಾಡಿ ತೆಗೆದು ರೊಟ್ಟಿ ಹುಡುಕತೊಡಗಿದ. ನೆವೆನಾಗೆ ನೋಡಲಾಗಲಿಲ್ಲ. ಎದ್ದು ಅವನ ಕೈ ಹಿಡಿದುಕೊಂಡಳು.

"ಯಜಮಾನ ಮುನಿಸ್ಕೊಂಡಿಲ್ಲ, ಮಿಂಚಣ್ಣ. ವಾಲ್ವ್ ಮುಚ್ಚಿದ್ದು ನಾನು."

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಗೋಡೆ ನೋಡಿದ, ನಲ್ಲಿ ನೋಡಿದ, ಒದ್ದೆ ಸಂದಿ ನೋಡಿದ. ಕೈಯಲ್ಲಿದ್ದ ಜಾಡಿ ನೋಡಿದ.

"ಅಂದ್ರೆ," ಎಂದ, "ಅಮ್ಮ, ನಾನು, ಇಷ್ಟು ವರ್ಷ… ತೂತು ಪೈಪಿಗೆ ಜೇನು ತಿನ್ನಿಸಿದ್ವಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಮಿಂಚೊಗೆ ನಗು ಬಂತು. ಹೊಟ್ಟೆ ಕುಲುಕುವ ಹಾಗೆ ನಕ್ಕ. "ನೀರಿನ ಬಿಲ್ಲು ಜಾಸ್ತಿ ಬರುತ್ತೆ ಅಂತ ಕಚೇರಿಯವರ ಅಪ್ಪ ಅಜ್ಜನ್ನೆಲ್ಲ ಬೈದಿದ್ದೀನಲ್ಲಮ್ಮ ನಾನು!" ಎನ್ನುತ್ತ ನಕ್ಕ. ನಗುನಗುತ್ತಲೇ ಅವನ ಕಣ್ಣು ತುಂಬಿತು. ಅಮ್ಮ ಸಾಯುವ ದಿನ ಕೂಡ, ಹಾಸಿಗೆಯ ಪಕ್ಕ ಯಾರೂ ಮಾತಾಡದಿದ್ದಾಗ, ಇದು ಮಾತಾಡುತ್ತಿತ್ತು ಎಂದ.

ಆಮೇಲೆ ಜಾಡಿಯನ್ನು ಮೇಜಿನ ಮೇಲಿಟ್ಟು, ಅವಳ ಕಣ್ಣು ತಪ್ಪಿಸಿ ಹೇಳಿದ. "ನಿಜ ಹೇಳ್ತೀನಿ, ನಾನಾಗಿ ಬಾಯಿ ಬಿಡಲ್ಲ. ಪೆನ್ಕಾ ಬುರ್ಗಾಸ್‌ನಲ್ಲಿ ಕಾಯ್ತಿದ್ದಾಳೆ. ಈ ವಯಸ್ಸಲ್ಲಿ ಎಷ್ಟು ಅಂತ ಕಾಯಿಸ್ಲಿ? ಆದ್ರೆ ನೀನು ಹೇಳ್ತೀನಿ ಅಂದ್ರೆ ಅಡ್ಡ ಬರಲ್ಲ. ನಿನ್ನ ಗಂಡ, ನಿನ್ನ ಮನೆ."

ಅವನು ತೊಳೆಯದ ಸೌತೆಕಾಯಿ ಹಿಡಿದುಕೊಂಡೇ ಹೊರಗೆ ಹೋದ.

ನೆವೆನಾ ಒಬ್ಬಳೇ ಉಳಿದಳು. ಕಿಟಕಿಯಿಂದ ಬಂದ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಮಲಗುವ ಕೋಣೆಯ ಕಿಟಕಿಗೆ ಅವಳು ಹೋದ ಸಲ ಮೊಳ ಹಾಕಿ ಅಳತೆ ನೋಡಿದ್ದಳು, ಅಜ್ಜಿಯ ಪರದೆಗೆ. ಅಳತೆ ಸರಿಹೋಗಿತ್ತು. ಈಗ ಹೋಗಿ ವಾಲ್ವ್ ತೆಗೆದರಾಯಿತು. ದನಿ ಮತ್ತೆ ಬರುತ್ತದೆ. ರುಜು ಬೀಳುತ್ತದೆ. ಪರದೆ ತೂಗುತ್ತದೆ. ಹೇಳಿದರೆ? ಬಾನಿತ್ಸಾದ ಮೇಲೆ ನೀರು ಬಿದ್ದದ್ದನ್ನು ಇಂದಿಗೂ ಮರೆಯದ ಮನುಷ್ಯ, ನೆಲದ ಕೆಳಗೆ ನೀರಿರುವ ಮನೆಗೆ ಕಾಲಿಡುತ್ತಾನೆಯೇ? ಅವರು ಆ ಸೀನುವ ಫ್ಲಾಟಿಗೇ ಹೋಗುತ್ತಾರೆ, ಅಲ್ಲೇ ಮುದುಕರಾಗುತ್ತಾರೆ. ಅವಳಿಗೆ ಈ ಮನೆ ಬೇಕಾಗಿತ್ತು. ಹಸಿದವರಿಗೆ ಅನ್ನ ಬೇಕಾದ ಹಾಗೆ ಬೇಕಾಗಿತ್ತು.

ಆದರೆ ಸಾಯುವ ತನಕ ಇರಬೇಕಾದ ಮನೆಯಲ್ಲಿ, ನಲ್ಲಿ ತೊಟ್ಟಿಕ್ಕಿದಾಗಲೆಲ್ಲ ಗಂಡನ ಮುಖ ನೋಡಲು ಹೆದರುತ್ತ ಬದುಕುವುದು ಹೇಗೆ? ಅದೂ ಒಂದು ಬಾಡಿಗೆ ಮನೆಯೇ ಆಗುತ್ತದೆ ಎಂದು ಅವಳಿಗೆ ಅನ್ನಿಸಿತು. ಕಣ್ಣೊರೆಸಿಕೊಂಡು ಅಂಗಳಕ್ಕೆ ಬಂದಳು.

"ಆಸೆನ್, ರುಜು ಹಾಕ್ಬೇಡ. ಗೋಡೆ ಹಿಂದೆ ಪೈಪು ಸೋರ್ತಿದೆ. ಬಹಳ ವರ್ಷದಿಂದ ಸೋರ್ತಿದೆ. ನೆಲ ಕುಸಿದಿದೆ, ಅದಕ್ಕೇ ನೀರು ಒಳಗೆ ಹರಿದದ್ದು. ಈಗ ವಾಲ್ವ್ ಮುಚ್ಚಿ ನೋಡಿ ಬಂದೆ."

ಆಸೆನ್ ತನ್ನ ಲೋಟವನ್ನು ಅತ್ತ ಇತ್ತ ತಿರುಗಿಸಿದ.

"ಗೊತ್ತು," ಎಂದ.

"ಏನು ಗೊತ್ತು?"

"ಮೊದಲನೇ ಸಲ ಬಂದಾಗಲೇ ಗೊತ್ತಾಯ್ತು. ಎಲ್ಲಾ ನಲ್ಲಿ ಮುಚ್ಚಿ ಗುಂಡಿಗಿಳಿದ್ರೆ ಮೀಟರ್ ಮುಳ್ಳು ಬುಗುರಿ ತಿರುಗ್ದಂಗೆ ತಿರುಗ್ತಿತ್ತು."

"ಗೊತ್ತಿದ್ದೂ?" ಕೆರಾನಾ ಎದ್ದು ನಿಂತಳು. "ಗೊತ್ತಿದ್ದೂ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀಯಾ? ನೆಂಟರ ಮನೆ ನಲ್ಲಿ ಬಿಗಿ ಮಾಡಿ ಮಾಡಿ ನನ್ನ ಮಾನ ಕಳೆದೋನು! ನಾನಿಲ್ಲಿ ಭಾಗ್ಯ ಬಂತು ಅಂತ ಕುಣೀತಿದ್ದೀನಿ, ಹೇಳ್ಬಾರ್ದೇನೋ?"

"ಹೇಳೋಣ ಅಂತಲೇ ಗುಂಡಿಯಿಂದ ಹತ್ತಿ ಬಂದೆ, ಅಮ್ಮ," ಎಂದ ಆಸೆನ್. ಅವನ ಕಿವಿ ಕೆಂಪಗಾಗಿತ್ತು. ಹೆಂಡತಿಯ ಕಡೆ ನೋಡದೆ, ತಟ್ಟೆಯ ಟೊಮೇಟೊಗೆ ಹೇಳುವವನ ಹಾಗೆ ಹೇಳಿದ. "ಬಂದು ನೋಡಿದ್ರೆ ಇವಳು ಗೋಡೆಗೆ ಕಿವಿಯಿಟ್ಟು ನಿಂತಿದ್ಲು. ಕಣ್ಣು ಮುಚ್ಕೊಂಡು. ಇವಳ ಮುಖ ಹಾಗಿದ್ದದ್ದನ್ನ ನಾನು ಮದುವೆಯಾದ ಮೇಲೆ ನೋಡೇ ಇರ್ಲಿಲ್ಲ. ಏನು ಹೇಳ್ಲಿ? ಅದು ಪೈಪು ಕಣೇ ಅನ್ಲಾ? ಸುಮ್ನಾದೆ. ಕೊಂಡ್ಕೊಳ್ಳೋಣ, ಚಳಿಗಾಲದಲ್ಲಿ ಆಗಷ್ಟೇ ಗೊತ್ತಾದವನ ಹಾಗೆ ಒಂದು ವಾರ ಕೂಗಾಡೋಣ, ಆಮೇಲೆ ನೆಲ ಅಗೆದು ಸರಿ ಮಾಡೋಣ ಅಂದ್ಕೊಂಡಿದ್ದೆ. ತೊಲೆ ಗಟ್ಟಿಯಿದೆ, ಗೋಡೆ ಗಟ್ಟಿಯಿದೆ. ಪೈಪು ಬದಲಾಯಿಸ್ಬಹುದು. ನೆಲ ಎತ್ಬಹುದು."

"ನೀನು?" ಎಂದಳು ನೆವೆನಾ. "ಸೋರೋ ಪೈಪಿನ ಮೇಲೆ ಮಲಗ್ತಿದ್ಯಾ ನೀನು?"

"ಮಲಗ್ತಿರ್ಲಿಲ್ಲ. ಕೂತಿರ್ತಿದ್ದೆ."

ನೆವೆನಾ ನಗಲೂ ಆಗದೆ ಅಳಲೂ ಆಗದೆ ಅವನ ಪಕ್ಕ ಕೂತಳು. ಮಿಂಚೊ ಮೂಗು ಸೀಟಿಕೊಂಡು, ನೆಲ ಅಗೆಯುವ ಖರ್ಚನ್ನು ಮನೆಯ ಬೆಲೆಯಲ್ಲಿ ಮುರಿದುಕೊಳ್ಳಿ, ಪೆನ್ಕಾಗೆ ನಾನು ಹೇಳಿಕೊಳ್ಳುತ್ತೇನೆ ಎಂದ. ಎಲ್ಲರ ಲೋಟಕ್ಕೂ ರಾಕಿಯಾ ಸುರಿದ. ಕಾಗದಕ್ಕೆ ರುಜು ಬಿತ್ತು.

ಬೇಸಿಗೆಯೆಲ್ಲ ನೆಲ ಅಗೆದರು. ಗೋಡೆಯ ಬುಡದಿಂದ ಹೊರತೆಗೆದ ಕಬ್ಬಿಣದ ಪೈಪಿನಲ್ಲಿ ಜೋಳದ ಕಾಳಿನಷ್ಟು ತೂತಿತ್ತು. ಮಿಂಚೊ ಬುರ್ಗಾಸ್‌ನಿಂದ ಬಂದು ಆ ತುಂಡನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ತೆಗೆದುಕೊಂಡು ಹೋದ. ಯಾರೂ ನಗಲಿಲ್ಲ. ಅಡಿಪಾಯಕ್ಕೆ ಕಲ್ಲು ತುಂಬಿದರು, ಚಪ್ಪಡಿಗಳನ್ನು ಎತ್ತಿ ಮಟ್ಟ ಮಾಡಿದರು. ಕೆರಾನಾ ಮತ್ತೆ ಚೊಂಬು ತಂದು ನೀರು ಚೆಲ್ಲಿದಾಗ ಅದು ಅಂಗಳಕ್ಕೆ ಇಳಿದು ಹೋಯಿತು. "ಸರಿ ಮಾಡ್ತೀವಿ ಅಂತ ಬಂದ ಭಾಗ್ಯಾನೂ ಹೊರಗೆ ಹಾಕಿದ್ರಿ," ಎಂದು ಅವಳು ಸಂಜೆಯವರೆಗೂ ಗೊಣಗಿದಳು.

ಹೊಸ ಮನೆಯ ಮೊದಲ ಬೆಳಗು ನೆವೆನಾ ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಅಜ್ಜಿಯ ಪರದೆ ಉಸಿರಾಡುತ್ತಿತ್ತು. ಲೇಸಿನ ಹೂಗಳ ನೆರಳು ಹಾಸಿಗೆಯ ಮೇಲೆ ಹರಿದಾಡುತ್ತಿತ್ತು. ಎಲ್ಲೂ ಟಿವಿ ಇಲ್ಲ, ಸೀನಿಲ್ಲ. ಅವಳು ಬರಿಗಾಲಿನಲ್ಲಿ ಅಡುಗೆಮನೆಗೆ ಹೋಗಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಗೋಡೆಗೆ ಕಿವಿಯಿಟ್ಟಳು. ಏನೂ ಇರಲಿಲ್ಲ. ಒಳ್ಳೆಯ, ಒಣ, ಗಟ್ಟಿ ಗೋಡೆ. ಬೇಕು ಬೇಕೆಂದು ಪಡೆದ ಮನೆಯಲ್ಲಿ ನಿಂತು ಅವಳಿಗೆ ಯಾರನ್ನೋ ಕಳೆದುಕೊಂಡ ಹಾಗೆ ಸಂಕಟವಾಯಿತು.

ಆಗ ಕೇಳಿಸಿತು. ಗೋಡೆಯಲ್ಲಲ್ಲ, ಹೊರಗೆ. ಸಣ್ಣಗೆ, ಬಿಡದೆ.

ಅಡುಗೆಮನೆಯ ಕಿಟಕಿ ತೆರೆದಳು. ಅದರ ಕೆಳಗೇ, ಹಳೆಯ ಕಲ್ಲಿನ ತೊಟ್ಟಿಯ ಮೇಲೆ, ಆಸೆನ್ ಹಿಂದಿನ ದಿನವಷ್ಟೇ ಹಾಕಿದ್ದ ಹೊಸ ನಲ್ಲಿಯಿಂದ ಎಳೆಯಷ್ಟು ನೀರು ತೊಟ್ಟಿಗೆ ಬೀಳುತ್ತಿತ್ತು. ಅವನು ಚಪ್ಪರದ ಕೆಳಗೆ ಕೂತು ಕಾಫಿ ಕುಡಿಯುತ್ತ ಪತ್ರಿಕೆ ಓದುತ್ತಿದ್ದ. ಆ ಸದ್ದಿಗೆ ಅವನ ಒಂದು ಮೊಣಕಾಲು ತನ್ನಷ್ಟಕ್ಕೆ ಅದುರುತ್ತಿತ್ತು.

"ಆಸೆನ್, ನಲ್ಲಿ ಸೋರ್ತಿದೆ."

"ಗೊತ್ತು," ಎಂದ, ತಲೆಯೆತ್ತದೆ. "ನಾನೇ ಬಿಟ್ಟಿರೋದು. ಗುಲಾಬಿಗೆ ನೀರು ಬೇಡ್ವಾ?"

ಗುಲಾಬಿ ಗಿಡಗಳು ಇದ್ದದ್ದು ಮನೆಯ ಆಚೆ ಬದಿಗೆ.